ಕನಸಿನ ಹಿಂದಿನ ಸದ್ದುಗಳ ಪಂಚನಾಮೆ

ಆ ಸೋಮವಾರ ಬಿದ್ದ ಮಂಜು ಎಂಥದ್ದೆಂದರೆ, ಠಾಣೆಯ ಬಾಗಿಲಲ್ಲಿ ನಿಂತ ಪಹರೆಯವನು ತನ್ನ ಹೆಗಲ ಮೇಲಿದ್ದ ಬಂದೂಕನ್ನೇ ತಡವಿ ಹುಡುಕಬೇಕಾಯಿತು. ರಸ್ತೆ ದಾಟಲು ಹೊರಟ ನಾಯಿಯೊಂದು ಅರ್ಧ ದಾರಿಯಲ್ಲಿ ತಾನು ಯಾವ ಕಡೆಯಿಂದ ಹೊರಟೆನೆಂಬುದನ್ನು ಮರೆತು ಅಲ್ಲೇ ಮಲಗಿಬಿಟ್ಟಿತು. ಅಂಥ ಮಂಜನ್ನು ಎರಡೂ ಕೈಯಿಂದ ಸೀಳಿಕೊಂಡು, ಬೆಳಿಗ್ಗೆ ಎಂಟೂವರೆಗೆ ಒಬ್ಬ ಕ್ರೇನ್ ಆಪರೇಟರ್ ಠಾಣೆಯೊಳಗೆ ಬಂದ. ತನ್ನ ಕನಸು ಕಳುವಾಗಿದೆ, ದೂರು ಬರೆದುಕೊಳ್ಳಿ ಎಂದ.

ದಫೇದಾರ ತನ್ನ ಸರ್ವೀಸಿನಲ್ಲಿ ಕದ್ದ ಕೋಳಿಯಿಂದ ಹಿಡಿದು ಕದ್ದ ಸೇತುವೆಯವರೆಗೆ ಎಲ್ಲ ದೂರನ್ನೂ ಬರೆದುಕೊಂಡವನು. ಪೆನ್ನಿನ ಮುಚ್ಚಳ ತೆಗೆದವನು ಮತ್ತೆ ಹಾಕಿದ.

"ಯಾವ ಬಣ್ಣದ್ದು?"

"ಏನು ಸಾರ್?"

"ಕನಸು. ಕಳುವಾದ ಮಾಲಿನ ವಿವರ ಬರೀಬೇಕಲ್ಲಪ್ಪ."

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರು ಕೆಮ್ಮಿದರು. ಆ ಕೆಮ್ಮಿಗೆ ದಫೇದಾರನ ಹಾಸ್ಯವೆಲ್ಲ ಸೆಟೆದು ಸೆಲ್ಯೂಟ್ ಹೊಡೆಯುತ್ತಿತ್ತು. ಇನ್‌ಸ್ಪೆಕ್ಟರ ಮೀಸೆ ಎಷ್ಟು ಅಗಲವೆಂದರೆ ಅದರ ಎರಡು ತುದಿ ಬೇರೆ ಬೇರೆ ಠಾಣೆಗಳ ಸರಹದ್ದಿಗೆ ಸೇರುತ್ತಿದ್ದವು. ಮೂರು ವರ್ಷದಿಂದ ಅವರು ನೆಟ್ಟಗೆ ಕಣ್ಣು ಮುಚ್ಚಿರಲಿಲ್ಲ. ಅದು ನಿದ್ದೆ ಬಾರದ ಕಾಯಿಲೆ ಎಂದು ತಿಳಿಯದೆ, ಕರ್ತವ್ಯನಿಷ್ಠೆ ಎಂದುಕೊಂಡು, ಊರಿನ ಅರ್ಧಕ್ಕರ್ಧ ಕಳ್ಳರು ಗಂಟುಮೂಟೆ ಕಟ್ಟಿದ್ದರು.

"ಕೂತ್ಕೊಳ್ಳಪ್ಪ," ಎಂದರು ಇನ್‌ಸ್ಪೆಕ್ಟರು. "ಮೊದಲಿಂದ ಹೇಳು."

"ನಂಗೆ ನಿದ್ದೆ ಸರಿ ಬರ್ತಿರಲಿಲ್ಲ ಸಾರ್. ನಿದ್ರಾ ಸಂಶೋಧನಾ ಕೇಂದ್ರಕ್ಕೆ ಹೋದೆ. ಅವರು ಫೋನಿಗೆ ಒಂದು ಆ್ಯಪ್ ಹಾಕಿಕೊಟ್ರು. ದಿನಾ ಬೆಳಿಗ್ಗೆ, ರಾತ್ರಿ ಬಿದ್ದ ಕನಸನ್ನ ಅದಕ್ಕೆ ಬಾಯಲ್ಲಿ ಹೇಳಬೇಕು. ಹೆಸರು, ಊರು ಎಲ್ಲ ಅಳಿಸಿಬಿಡ್ತೀವಿ, ಯಾರ ಕನಸು ಅಂತ ಬ್ರಹ್ಮನಿಗೂ ತಿಳಿಯಲ್ಲ ಅಂದಿದ್ರು."

ಇನ್‌ಸ್ಪೆಕ್ಟರ ಕಿವಿ ಬಿಸಿಯಾಯಿತು. ಯಾಕೆಂದರೆ ಅದೇ ಆ್ಯಪ್ ಅವರ ಜೇಬಿನಲ್ಲೂ ಇತ್ತು. ಹೆಂಡತಿಯ ಕಾಟ ತಾಳಲಾರದೆ ಅವರೂ ಅಲ್ಲಿಗೆ ಸೇರಿದ್ದರು. ಆದರೆ ಕನಸು ಬೀಳಬೇಕಾದರೆ ಮೊದಲು ನಿದ್ದೆ ಬರಬೇಕಲ್ಲ. ದಿನಾ ಬೆಳಿಗ್ಗೆ ಆ್ಯಪು "ರಾತ್ರಿ ಏನು ಕಂಡಿರಿ" ಎಂದು ಕೇಳಿದಾಗ "ಏನೂ ಇಲ್ಲ" ಎನ್ನುವುದಕ್ಕೆ ಆ ಮೀಸೆ ಒಪ್ಪುತ್ತಿರಲಿಲ್ಲ. ಹಾಗಾಗಿ ದಿನಕ್ಕೊಂದು ಕನಸನ್ನು ಕಟ್ಟಿ ಹೇಳುತ್ತಿದ್ದರು: ಸಮುದ್ರಕ್ಕೆ ಬೇಡಿ ತೊಡಿಸಿದ್ದು, ಚಂದ್ರನನ್ನು ಓಣಿಯಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿದು ಮಹಜರು ಬರೆದದ್ದು. ಈ ಸಂಗತಿ ದಫೇದಾರನಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಮಧ್ಯಾಹ್ನದ ಊಟದೊಳಗೆ ಇಡೀ ಇಲಾಖೆಗೆ ಗೊತ್ತಾಗುತ್ತಿತ್ತು.

"ಮನೇಲಿ ಹೇಳೋಣ ಅಂದ್ರೆ ಹೆಂಡ್ತಿ ಕೇಳಿಸ್ಕೋತಾಳೆ," ಕ್ರೇನಿನವನು ಮುಂದುವರಿಸಿದ. "ಅದಕ್ಕೆ ಕೆಲಸದ ಜಾಗಕ್ಕೆ ಹೋಗಿ, ಕ್ರೇನ್ ಹತ್ತಿ, ಕ್ಯಾಬಿನ್ ಬಾಗಿಲು ಹಾಕ್ಕೊಂಡು ಹೇಳ್ತಿದ್ದೆ."

"ಏನು ಕನಸು?"

ಅವನು ಎಡಗೈ ಬೆರಳುಗಳನ್ನು ಮಡಿಸಿ ಬಿಚ್ಚಿದ. "ಕೊಕ್ಕೆಗೆ ಕಬ್ಬಿಣದ ಕಂಬಿ ಕಂತೆ ಹಾಕಿದೆ. ಎತ್ತಿದೀನಿ. ಕೈ ಮರಗಟ್ಟತ್ತೆ. ಕೆಳಗೆ ನನ್ನ ಬಾಮೈದ. ದಿನಾ ಕೊಕ್ಕೆ ಸಿಗಿಸೋನು ಅವನೇ. ತಲೆ ಎತ್ತಿ ನನ್ನ ನೋಡಿ ನಗ್ತಾನೆ. ಅಷ್ಟಕ್ಕೆ ಎಚ್ಚರ ಆಗತ್ತೆ."

"ಇದನ್ನ ಬೇರೆ ಯಾರಿಗೆ ಹೇಳಿದ್ದೆ?"

"ದೇವರಾಣೆ ಯಾರಿಗೂ ಇಲ್ಲ. ಹೋದ ವಾರ ಒಂದು ಫೋನ್ ಬಂತು ಸಾರ್. ಹೆಂಗಸೋ ಗಂಡಸೋ ಗೊತ್ತಾಗದ ಯಂತ್ರದ ದನಿ. ನನ್ನ ಕನಸನ್ನ ನಂಗೇ ಹೇಳ್ತು. ಕಟ್ ಮಾಡಿದೆ. ನಿನ್ನೆ ಮತ್ತೆ ಬಂತು. ರೆಕಾರ್ಡ್ ಮಾಡ್ಕೊಂಡೆ."

"ದುಡ್ಡು ಕೇಳ್ತಾ?"

"ಇಲ್ಲ. ಅದೇ ಭಯ. ಕೇಳಿದ್ರೆ, ಕಳ್ಳ ನನ್ನ ಮಗ ಅಂತ ಸಮಾಧಾನ ಮಾಡ್ಕೋಬಹುದಿತ್ತು. ಇದು ಗುತ್ತಿಗೆದಾರನ ಕಿವಿಗೆ ಬಿದ್ರೆ ನಾಳೇನೇ ನನ್ನ ಕೆಳಗಿಳಿಸ್ತಾನೆ. ಮೀಸೆ ಮೂಡಿದಾಗಿಂದ ಮೇಲೆ ಕೂತೋನು ಸಾರ್ ನಾನು. ಕೆಳಗೆ ನಂಗೆ ಏನ್ ಕೆಲಸ ಬರತ್ತೆ?"

ಮೂವರೂ ಮೇಜಿನ ಮೇಲೆ ಬಗ್ಗಿ ರೆಕಾರ್ಡಿಂಗ್ ಕೇಳಿದರು. ಮಂಜು ಕೂಡ ಕಿಟಕಿಯಿಂದ ಒಳಗೆ ಬಂದು ಕಿವಿ ಕೊಟ್ಟಂತೆ ಇತ್ತು.

"ನೀವು ಎತ್ತರದ ಒಂದು ಜಾಗದಲ್ಲಿದ್ದೀರಿ. ಭಾರವಾದ ಒಂದು ವಸ್ತುವನ್ನು ಎತ್ತಿದ್ದೀರಿ. ಕೆಳಗೆ ನಿಮ್ಮ ಒಬ್ಬ ಬಂಧು ನಿಂತಿದ್ದಾರೆ. ದಯವಿಟ್ಟು ಫೋನ್ ಇಡಬೇಡಿ. ಪ್ರತಿ ಸಲವೂ ಮೊದಲು ಮರಗಟ್ಟುವುದು ನಿಮ್ಮ ಎಡಗೈ. ಅದನ್ನು ವೈದ್ಯರಿಗೆ ತೋರಿಸಿ. ತೋರಿಸುವವರೆಗೆ ಆ ಬಂಧುವಿನ ತಲೆಯ ಮೇಲಿಂದ ಭಾರ ಹಾಯಿಸಬೇಡಿ."

"ನಾನು ಬಾಮೈದ ಅಂತಾನೇ ಹೇಳಿದ್ದೆ," ಎಂದ ಕ್ರೇನಿನವನು. "ಈ ದನಿ ಬಂಧು ಅನ್ನತ್ತೆ."

ಇನ್‌ಸ್ಪೆಕ್ಟರು ಎರಡನೇ ಸಲ ಕೇಳಿದರು. ದನಿಯ ಹಿಂದೆ ಏನೂ ಇರಲಿಲ್ಲ. ಫ್ಯಾನಿಲ್ಲ, ರಸ್ತೆಯಿಲ್ಲ, ಉಸಿರೂ ಇಲ್ಲ. ಅಷ್ಟು ತೊಳೆದಿಟ್ಟ ಮೌನ ಸ್ಮಶಾನದಲ್ಲೂ ಸಿಗದು. ಅಲ್ಲಿ ಕಾಗೆಯಾದರೂ ಇರುತ್ತದೆ.

ಎಫ್‌ಐಆರ್ ದಾಖಲಾಯಿತು. 'ಕಳುವಾದ ಸ್ವತ್ತು' ಎಂಬಲ್ಲಿ ದಫೇದಾರ ಬಹಳ ಹೊತ್ತು ಯೋಚಿಸಿ 'ಕನಸು, ಒಂದು' ಎಂದು ಬರೆದ. ಫೋನ್ ನಂಬರನ್ನು ಸೈಬರ್ ವಿಭಾಗಕ್ಕೆ ಕಳಿಸಿದರು. ಆ ಕರೆ ಏಳು ದೇಶ ಸುತ್ತಿ, ಎಂಟನೆಯದರಲ್ಲಿ ಸ್ನಾನ ಮಾಡಿ, ವೇಷ ಬದಲಿಸಿ ಬಂದದ್ದರಿಂದ ಅವರು ಕೈಚೆಲ್ಲಿದರು.

ಮಧ್ಯಾಹ್ನ ನಿದ್ರಾ ಕೇಂದ್ರಕ್ಕೆ ಹೋದರು. ಅಲ್ಲಿನ ಕಾರಿಡಾರುಗಳಲ್ಲಿ ಹಾಸಿದ ಬೂದು ಜಮಖಾನ ಎಷ್ಟು ಮೆತ್ತಗಿತ್ತೆಂದರೆ, ಆಸುಪಾಸಿನ ಬೀದಿಗಳನ್ನೆಲ್ಲ ಎಚ್ಚರಿಸುತ್ತಿದ್ದ ದಫೇದಾರನ ಬೂಟು ಹುಟ್ಟಿನಿಂದ ಮೊದಲ ಬಾರಿಗೆ ಮೂಕವಾಯಿತು. ಎಲ್ಲರೂ ಪಿಸುಮಾತಿನಲ್ಲೇ ಜಗಳವಾಡುತ್ತಿದ್ದರು. ನಿರ್ದೇಶಕರು ಮಾತ್ರ ಗಟ್ಟಿಯಾಗಿ ನಕ್ಕರು.

"ಸಾಧ್ಯವೇ ಇಲ್ಲ ಇನ್‌ಸ್ಪೆಕ್ಟರೇ. ಯಾರ ಕನಸು ಯಾರದ್ದು ಅಂತ ನನಗೇ ಗೊತ್ತಿಲ್ಲ. ನಮ್ಮ ಬೀಗದಕ್ಕನ್ನ ಕೇಳಿ."

ಬೀಗದಕ್ಕ ಎಂದರೆ ಆ ಕೇಂದ್ರದ ಸಾಫ್ಟ್‌ವೇರ್ ಎಂಜಿನಿಯರ್. ನರೆಗೂದಲನ್ನು ಪೆನ್ಸಿಲ್ ಸಿಕ್ಕಿಸಿ ಗಂಟು ಹಾಕಿದ, ಮೆಲ್ಲಗೆ ನಡೆಯುವ ಹೆಂಗಸು. ಮೊದಲು ಬ್ಯಾಂಕಿನ ಗ್ರಾಹಕರ, ಆಮೇಲೆ ಆಸ್ಪತ್ರೆಯ ರೋಗಿಗಳ, ಈಗ ಕನಸು ಕಾಣುವವರ ಗುಟ್ಟು ಕಾಯುವುದೇ ಆಕೆಯ ಜೀವಮಾನದ ಕೆಲಸ. ಆಕೆ ಕಟ್ಟಿದ ಬೀಗವನ್ನು ಮುರಿಯಲು ದೇಶದೇಶದ ಪಂಡಿತರು ಪಂತ ಕಟ್ಟಿ, ಸೋತು, ಒಬ್ಬಿಬ್ಬರು ಸನ್ಯಾಸ ತೆಗೆದುಕೊಂಡರೆಂದು ಪ್ರತೀತಿ.

"ಮೊದಲು ಯಂತ್ರ ಅಳಿಸತ್ತೆ," ಎಂದಳು ಆಕೆ. "ಹೆಸರಿದ್ದ ಕಡೆ ವಿಶಾಲವಾದ ಒಂದು ಪದ ಹಾಕತ್ತೆ. ಆದ್ರೆ ಯಂತ್ರ ನೂರಕ್ಕೆ ಒಂದು ಬಿಟ್ಟುಬಿಡತ್ತೆ. ಅದಕ್ಕೆ ನಾನು ಪ್ರತಿಯೊಂದನ್ನೂ ಕೇಳಿ, ಓದಿ, ತಿದ್ದುತೀನಿ. ದನಿ ಮೂರು ತಿಂಗಳಿಗೆ ಅಳಿಸಿಹೋಗತ್ತೆ. ಬರಹ ಮಾತ್ರ ಉಳಿಯತ್ತೆ."

"ಬಾಮೈದ ಅಂತ ಇದ್ರೆ?"

"ಬಂಧು."

"ಕ್ರೇನ್ ಅಂತ ಇದ್ರೆ?"

"ಎತ್ತರದ ಜಾಗ."

ಇನ್‌ಸ್ಪೆಕ್ಟರು ದಫೇದಾರನ ಮುಖ ನೋಡಿದರು. ಹಾಗಾದರೆ ಫೋನ್ ಮಾಡಿದವರು ಹೆಸರಿದ್ದ ಪ್ರತಿಯನ್ನು ಕದ್ದಿರಲಿಲ್ಲ. ಅಳಿಸಿದ ಪ್ರತಿಯನ್ನು ಓದಿದ್ದರು.

"ಅಳಿಸಿದ್ದನ್ನ ಯಾರ್ಯಾರು ಓದ್ತಾರೆ?"

"ಇಲ್ಲಿನ ಸಂಶೋಧಕರೆಲ್ಲ. ಆದ್ರೆ ಅದನ್ನ ಓದಿ ಇಂಥವರದ್ದೇ ಅಂತ ಹೇಳೋಕೆ ಯಾರಿಗೂ ಆಗಲ್ಲ."

"ನಿಮಗೆ?"

"ಬೀಗ ಮುರಿದಿಲ್ಲ ಸರ್," ಎಂದಳು. ಅದು ಕೇಳಿದ್ದಕ್ಕೆ ಉತ್ತರವಾಗಿರಲಿಲ್ಲ. ಇನ್‌ಸ್ಪೆಕ್ಟರು ಅದನ್ನು ಮನಸ್ಸಿನ ಒಂದು ಮೂಲೆಯಲ್ಲಿಟ್ಟು ಚಿಲಕ ಹಾಕಿದರು.

ಮರುದಿನ ಇನ್‌ಸ್ಪೆಕ್ಟರ ಸೂಚನೆಯಂತೆ ಕೇಂದ್ರದವರು ಎಲ್ಲ ಕನಸುಗಾರರ ಫೋನಿಗೂ ಸಂದೇಶ ಕಳಿಸಿದರು: ಇಂಥ ಕರೆ ಬಂದವರು ಠಾಣೆಗೆ ತಿಳಿಸಿ. ಅದೇ ಗಳಿಗೆಯಲ್ಲಿ ಇನ್‌ಸ್ಪೆಕ್ಟರ ಜೇಬು ಕಿಣಿಕಿಣಿ ಎಂದಿತು. ದಫೇದಾರ ಹುಬ್ಬೇರಿಸಿದ.

"ಹೆಂಡ್ತಿ," ಎಂದರು ಇನ್‌ಸ್ಪೆಕ್ಟರು.

ಮಂಜು ಕರಗದೆ ಊರಿನ ಮೇಲೆಯೇ ಠಿಕಾಣಿ ಹೂಡಿತ್ತು. ಆ ಮಂಜಿನೊಳಗಿಂದ ಇಬ್ಬರು ಬಂದರು. ಒಬ್ಬಳು ಈಜು ಕಲಿಸುವವಳು. ಇನ್ನೊಬ್ಬ ಬೇಕರಿಯ ಮುದುಕ. ಅವನ ಹಿಂದೆ ರೊಟ್ಟಿಯ ಪರಿಮಳವೂ ಠಾಣೆಯೊಳಗೆ ಬಂದು ಬೆಂಚಿನ ಮೇಲೆ ಕೂತಿತು.

"ದೂರು ಕೊಡ್ತೀರಾ?" ದಫೇದಾರ ಕೇಳಿದ.

"ದೂರಾ?" ಎಂದ ಮುದುಕ. "ಅವರನ್ನ ಹಿಡೀಬೇಡಿ ಅಂತ ಹೇಳೋಕೆ ಬಂದೆ. ನನ್ನ ತಾತನ ಕಪ್ಪು ಆಡು ಒಲೆಯೊಳಗೆ ಕೂತು ಕೆಮ್ಮುತಾ ಇರೋ ಹಂಗೆ ಕನಸು ಬೀಳ್ತಿತ್ತು. ಆ ದನಿ ಫೋನ್ ಮಾಡಿ, 'ನಿಮ್ಮ ಕನಸಲ್ಲಿ ಒಂದು ಸಾಕುಪ್ರಾಣಿ ಕೆಮ್ಮುತ್ತಿದೆ, ಕೆಮ್ಮುತ್ತಿರುವುದು ನೀವೇ ಇರಬಹುದು, ಎದೆ ತೋರಿಸಿಕೊಳ್ಳಿ' ಅಂತು. ತೋರಿಸ್ದೆ. ಒಳ್ಳೇ ಟೈಮಿಗೆ ಬಂದ್ರಿ ಅಂದ್ರು ಡಾಕ್ಟ್ರು. ಈಗ ದಿನಾ ಫೋನ್ ಪಕ್ಕದಲ್ಲೇ ಕೂತಿರ್ತೀನಿ, ಮತ್ತೆ ಮಾಡ್ತಾರೇನೋ ಅಂತ."

ಈಜಿನವಳು ಮುದುಕನ ಕಡೆ ತಿರುಗಿದಳು. "ನಂಗೆ ಉಪಕಾರಾನೇ ಆಯ್ತು," ಎಂದಳು. "ಆದ್ರೂ ಅವತ್ತಿಂದ ನಾನು ಆ್ಯಪಿಗೆ ಕನಸು ಹೇಳೋದು ಬಿಟ್ಟೆ. ಬಾತ್‌ರೂಮಿನ ಗೋಡೆಗೆ ಕಣ್ಣಿದೆ ಅಂತ ಗೊತ್ತಾದ ಮೇಲೆ, ಅದು ಎಷ್ಟೇ ಒಳ್ಳೇ ಕಣ್ಣಾಗಲಿ, ಸ್ನಾನ ಮಾಡೋಕೆ ಆಗತ್ತಾ ಸರ್?"

ಇನ್‌ಸ್ಪೆಕ್ಟರು ಎರಡೂ ಹೇಳಿಕೆಗಳನ್ನು ದಾಖಲಿಸಿಕೊಂಡರು. ಎರಡೂ ನಿಜವೆನಿಸಿದ್ದರಿಂದ ಆ ರಾತ್ರಿಯೂ ನಿದ್ದೆ ಬರಲಿಲ್ಲ.

ಬುಧವಾರವೆಲ್ಲ ಸಂಶೋಧಕರ ವಿಚಾರಣೆ. ಅವರು ತಮ್ಮ ಅತ್ತೆಯ ಹೆಸರು, ಬೈಕಿನ ನಂಬರು, ಹಲ್ಲುನೋವು ಎಲ್ಲವನ್ನೂ ಕೇಳದೆಯೇ ಹೇಳಿದರು. ದಫೇದಾರನ ಕೈ ಬರೆದು ಬರೆದು ಮೊಣಕೈವರೆಗೆ ಸವೆದುಹೋಯಿತು. ಕೊನೆಗೆ ಬೀಗದಕ್ಕನ ಸರದಿ ಬಂತು.

"ವಯಸ್ಸು?" ದಫೇದಾರ ಕೇಳಿದ.

"ನಲವತ್ತರಿಂದ ಐವತ್ತರೊಳಗೆ."

"ಮನೆ ಎಲ್ಲಿ?"

"ಊರಿನ ಉತ್ತರ ಭಾಗದಲ್ಲಿ."

"ಮನೇಲಿ ಯಾರ್ಯಾರಿದೀರಿ?"

"ಒಬ್ಬ ಹಿರಿಯ ಬಂಧು. ಒಂದು ಸಾಕುಪ್ರಾಣಿ."

ದಫೇದಾರನ ಪೆನ್ನು ನಿಂತಿತು. ಇನ್‌ಸ್ಪೆಕ್ಟರು ಕಿಟಕಿಯಿಂದ ಮುಖ ತಿರುಗಿಸಿದರು.

"ಹಿರಿಯ ಬಂಧು ಅಂದ್ರೆ ಯಾರಮ್ಮ?"

ಆಕೆ ನೆನಪು ಮಾಡಿಕೊಳ್ಳುವವಳಂತೆ ತಡೆದಳು. "ಅಮ್ಮ," ಎಂದಳು.

"ಸಾಕುಪ್ರಾಣಿ?"

"ಬೆಕ್ಕು."

"ಬೆಕ್ಕಿಗೂ ನಲವತ್ತರಿಂದ ಐವತ್ತಾ?" ಎಂದ ದಫೇದಾರ. ಯಾರೂ ನಗಲಿಲ್ಲ. ಆಕೆ ಸುಳ್ಳು ಹೇಳುತ್ತಿರಲಿಲ್ಲ, ಯಾವುದನ್ನೂ ಮುಚ್ಚಿಡುತ್ತಲೂ ಇರಲಿಲ್ಲ. ಜೀವಮಾನವೆಲ್ಲ ಬೇರೆಯವರ ಹೆಸರು ಅಳಿಸಿ ಅಳಿಸಿ ಆಕೆಯ ನಾಲಿಗೆ ತಾನಾಗಿಯೇ ಅಳಿಸಿಕೊಂಡು ಮಾತಾಡುತ್ತಿತ್ತು, ಅಷ್ಟೇ. ಬೇಕರಿಯ ಮುದುಕನ ಆಡಿಗೂ ಆಕೆಯ ಬೆಕ್ಕಿಗೂ ಒಂದೇ ಪದ ಸಿಕ್ಕಿತ್ತು.

ಮಾತಿನ ಚಾಳಿಯೊಂದೇ ಸಾಕ್ಷ್ಯವಾಗದು. ಆಕೆಯ ಕೋಣೆ ಶೋಧಿಸಲು ನ್ಯಾಯಾಲಯದ ಅನುಮತಿ ಗುರುವಾರ ಸಿಕ್ಕಿತು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಟರು, ದಫೇದಾರ, ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಕೇಂದ್ರಕ್ಕೆ ಹೋದರು. ಪಂಚರಾಗಿ ಕಟ್ಟಡದ ಕಾವಲುಗಾರನನ್ನೂ ಎದುರಿನ ಚಹಾ ಅಂಗಡಿಯವನನ್ನೂ ಕರೆದರು. ಕೋಣೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಕಿವಿಗೆ ಹಾಕುವ ದಪ್ಪ ಹೆಡ್‌ಫೋನ್. ಗೋಡೆಯ ಮೇಲೆ ಚಿತ್ರವಿಲ್ಲ, ಕ್ಯಾಲೆಂಡರಿಲ್ಲ. ಬೀಗದಕ್ಕ ತಾನೇ ಪಾಸ್‌ವರ್ಡ್ ಒತ್ತಿ, ಪಕ್ಕಕ್ಕೆ ಸರಿದು ನಿಂತಳು.

ಒಳಗೆ ಹೆಸರುಗಳಿರಲಿಲ್ಲ, ವಿಳಾಸಗಳಿರಲಿಲ್ಲ. ಸದ್ದುಗಳಿದ್ದವು. ಜನರ ಮಾತನ್ನು ತೆಗೆದುಹಾಕಿ, ಮಾತಿನ ಹಿಂದೆ ಉಳಿದ ಸದ್ದನ್ನಷ್ಟೇ ಆಕೆ ಜೋಡಿಸಿಟ್ಟಿದ್ದಳು.

"ಇದನ್ನ ಪಂಚನಾಮೇಲಿ ಹ್ಯಾಗೆ ಬರೆಯೋದು ಸಾರ್?" ದಫೇದಾರ ಕೇಳಿದ.

"ಕೇಳಿಸಿದ್ದನ್ನ ಬರಿ."

ಹೆಡ್‌ಫೋನ್ ತೆಗೆದು ಸ್ಪೀಕರ್ ಹಚ್ಚಿದರು. ಆರೂ ಜನ ಆ ಮೆತ್ತನೆಯ ಕೋಣೆಯಲ್ಲಿ ಉಸಿರು ಬಿಗಿಹಿಡಿದು ನಿಂತರು. ಮೊದಲನೆಯದು: ಎತ್ತರದ ಗಾಳಿ, ಅದರಲ್ಲಿ ಸರಪಳಿಯ ಕಿಣಿಕಿಣಿ, ಬಹಳ ಕೆಳಗಿನಿಂದ ಯಾರೋ ಕೂಗಿದ್ದು. ಎರಡನೆಯದು: ನೀರು ಟೈಲ್ಸಿಗೆ ಬಡಿಯುವುದು, ಒಂದು ಸೀಟಿ. ಮೂರನೆಯದು: ಶಟರ್ ಏರಿದ್ದು, ಕಬ್ಬಿಣದ ತಟ್ಟೆ ಒಲೆಗೆ ಜಾರಿದ್ದು. ದಫೇದಾರ ಬರೆಯುತ್ತಲೇ ಹೋದ. ಕೇಳುತ್ತ ಕೇಳುತ್ತ ಗೋಡೆಗಳು ದೂರ ಸರಿದು, ಊರಿಗೆ ಊರೇ ಅರೆನಿದ್ದೆಯಲ್ಲಿ ಆ ಕೋಣೆಯೊಳಗೆ ಬಂದು ನಿಂತಂತಾಯಿತು. ಒಂದು ಸದ್ದಿಗೆ ಚಹಾ ಅಂಗಡಿಯವನು ಕೈ ಎತ್ತಿದ.

"ಇದು ನನ್ನ ಬಾಯ್ಲರು," ಎಂದ. "ಬೆಳಿಗ್ಗೆ ಮೊದಲು ಹಚ್ಚಿದಾಗ ಹಿಂಗೇ ಬಿಕ್ಕುತ್ತೆ. ನಮ್ಮ ಮೇಲಿನ ಮನೆಯವರು ಯಾರೋ ಕನಸು ಹೇಳಿದಾರೆ."

ಎಲ್ಲವೂ ಆಗ ಬಯಲಾಯಿತು. ಹೆಸರು ಅಳಿಸಲು ನಿಯಮವಿತ್ತು, ಊರು ಅಳಿಸಲು ನಿಯಮವಿತ್ತು. ಮಾತಿನ ಹಿಂದಿನ ಸದ್ದನ್ನು ಅಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬಾಗಿಲಿಗೆ ಏಳು ಬೀಗ ಜಡಿದು ಕಿಟಕಿ ತೆರೆದಿಟ್ಟ ಹಾಗೆ.

"ಭಾನುವಾರ ಭಾನುವಾರ ಊರಲ್ಲಿ ನಡೀತಿದ್ದೆ," ಬೀಗದಕ್ಕ ಹೇಳಿದಳು. "ಇವನ್ನ ಕಿವಿಗೆ ಹಾಕ್ಕೊಂಡು. ಒಳಗಿನ ಸದ್ದೂ ಹೊರಗಿನ ಸದ್ದೂ ಒಂದಾಗೋವರೆಗೂ. ಒಂದಾದ ಜಾಗದಲ್ಲಿ ಅವರು ಇರ್ತಿದ್ರು."

"ಫೋನ್ ನಂಬರು?"

"ಅಲ್ಲಲ್ಲಿನ ಕಾವಲುಗಾರರನ್ನ ಕೇಳ್ತಿದ್ದೆ. ಕೊಡ್ತಿದ್ರು."

ಪಂಚನಾಗಿ ಬಂದಿದ್ದ ಕಾವಲುಗಾರ ನೆಲ ನೋಡತೊಡಗಿದ.

"ಯಾಕಮ್ಮ?" ಎಂದರು ಇನ್‌ಸ್ಪೆಕ್ಟರು. "ಆ ಬೀಗ ಕಟ್ಟಿದವರೇ ನೀವು."

"ಒಬ್ಬ ವ್ಯಕ್ತಿ ಇದ್ರು," ಎಂದು ಶುರುಮಾಡಿದಳು. "ದೊಡ್ಡ ವಾಹನ ಓಡಿಸುವ..." ಅಲ್ಲಿಗೆ ನಿಂತಳು. ನಾಲಿಗೆಯ ಮೇಲಿದ್ದ ಯಾವುದೋ ಭಾರವನ್ನು ಎತ್ತಿ ಆಚೆ ಇಡುವಂತೆ, ಮತ್ತೆ ಹೇಳಿದಳು. "ಬಸ್ ಡ್ರೈವರ್. ರಾತ್ರಿ ಬಸ್ಸು. ಅವರ ಕನಸಲ್ಲಿ ಬಸ್ಸಿನ ದೀಪ ಒಂದೊಂದೇ ಆರ್ತಿದ್ವು. ಪ್ರಯಾಣಿಕರು ಒಬ್ಬೊಬ್ಬರೇ ಮಲಗ್ತಿದ್ರು. ಕೊನೆಗೆ ಅವರೂ. ತಿಂಗಳುಗಟ್ಟಲೆ ಅದೇ ಕನಸು. ಅವರನ್ನ ಹುಡುಕಿ ಎಚ್ಚರಿಸಿ ಅಂತ ನಿರ್ದೇಶಕರ ಹತ್ರ ಹೋದೆ. ಹ್ಯಾಗೆ ಹುಡುಕೋದು ನೀವೇ ಹೇಳಿ ಅಂದ್ರು. ನಾನು ಆ ಬೀಗಕ್ಕೆ ಬೀಗದಕೈಯನ್ನೇ ಮಾಡಿರಲಿಲ್ಲ. ಅದೇ ನನ್ನ ಹೆಮ್ಮೆ."

"ಆಮೇಲೆ?"

"ಒಂದು ದಿನ ಅವರ ಕನಸು ಬರೋದು ನಿಂತುಹೋಯ್ತು. ಸದ್ದಿನ ವಿಷಯ ನಂಗೆ ಹೊಳೆಯೋ ಹೊತ್ತಿಗೆ ಅವರ ದನಿ ಅಳಿಸಿಹೋಗಿತ್ತು. ಮೂರು ತಿಂಗಳ ನಿಯಮ. ಬರೆದೋಳು ನಾನೇ." ಆಕೆ ಹೆಡ್‌ಫೋನಿನ ವೈರನ್ನು ಸುತ್ತಿ ಮೇಜಿನ ಮೇಲಿಟ್ಟಳು. "ಅವರಿಗೆ ಆ್ಯಪ್ ಬೇಜಾರಾಗಿರಬಹುದು. ಚೆನ್ನಾಗಿ ನಿದ್ದೆ ಬರ್ತಿರಬಹುದು. ಆದ್ರೆ ಪೇಪರಲ್ಲಿ ಬಸ್ಸು ಉರುಳಿದ ಸುದ್ದಿ ಬಂದಾಗೆಲ್ಲ, ಪ್ರತಿ ಸಲ, ಅವರೇ."

ಬೆಳಿಗ್ಗೆ ಹನ್ನೊಂದೂ ಮುಕ್ಕಾಲಿಗೆ ಬಂಧನವಾಯಿತು. ಪಂಚರು ಸಹಿ ಹಾಕಿದರು.

ಠಾಣೆಗೆ ಮರಳಿದಾಗ ಕ್ರೇನಿನವನು ಬೆಂಚಿನ ಮೇಲೆ ಕಾಯುತ್ತಿದ್ದ. ಕತ್ತಿಗೆ ಪಟ್ಟಿ ಬಿದ್ದಿತ್ತು.

"ತೋರಿಸ್ದೆ ಸಾರ್. ಕತ್ತಲ್ಲಿ ನರ ಒತ್ಕೊಂಡಿದೆಯಂತೆ. ಕೈ ಯಾವತ್ತಾದ್ರೂ ಪೂರ್ತಿ ಬಿದ್ದುಹೋಗ್ತಿತ್ತು ಅಂದ್ರು. ಎರಡು ತಿಂಗಳು ಕೆಳಗಿರಬೇಕಂತೆ, ಆಮೇಲೆ ಹತ್ತಬಹುದಂತೆ. ರಜೆ ಹಾಕಿದೀನಿ, ಕಾರಣ ಹೇಳಿಲ್ಲ."

"ಬಾಮೈದ?"

"ನಗ್ತಾ ಇದಾನೆ, ಸೋಮಾರಿ ನನ್ನ ಮಗ." ಅವನು ಒಳಗೆ ಕೂತಿದ್ದ ಹೆಂಗಸನ್ನು ನೋಡಿದ. "ಸಾರ್, ದೂರು ವಾಪಸ್ ತಗೊಂಡ್ರೆ?"

"ಆಗಲ್ಲಪ್ಪ. ನಿನ್ನ ಬಾಮೈದನ್ನ ಉಳಿಸಿದ್ದೂ ಅವರೇ, ನಿನ್ನ ಗುಟ್ಟು ಕದ್ದದ್ದೂ ಅವರೇ. ಎರಡನ್ನೂ ಕೋರ್ಟಲ್ಲಿ ಹೇಳು. ಎರಡೂ ಬೇಕು."

ಅಷ್ಟರಲ್ಲಿ ಮೇಜಿನ ಫೋನ್ ಬಡಿದುಕೊಂಡಿತು. ಗುತ್ತಿಗೆದಾರ. ಅವನ ಗಂಟಲು ಎಂಥದ್ದೆಂದರೆ ಫೋನಿಲ್ಲದಿದ್ದರೂ ಕೇಳಿಸುತ್ತಿತ್ತು. ತನ್ನ ಕೆಲಸಗಾರರಲ್ಲಿ ಯಾವನೋ ಠಾಣೆಯ ಮೆಟ್ಟಿಲು ಹತ್ತಿದ್ದಾನಂತೆ, ಯಾವನು ಅವನು, ಏನು ಕಾಯಿಲೆ ಅವನಿಗೆ? ಬೆಂಚಿನ ಮೇಲಿದ್ದವನ ಮುಖ ಸುಣ್ಣವಾಯಿತು.

"ಒಬ್ಬ ವ್ಯಕ್ತಿ," ಎಂದರು ಇನ್‌ಸ್ಪೆಕ್ಟರು. "ವಯಸ್ಸು ಇಪ್ಪತ್ತರಿಂದ ಅರವತ್ತರೊಳಗೆ. ಒಂದು ವಸ್ತುವಿನ ಬಗ್ಗೆ ದೂರು. ಊರಿನ ಯಾವುದೋ ಭಾಗದವರು." ಫೋನ್ ಇಟ್ಟರು. ಬೀಗದಕ್ಕ ಆ ವಾರದಲ್ಲಿ ಮೊದಲ ಬಾರಿಗೆ ನಕ್ಕಳು.

ಜೀಪಿನಲ್ಲಿ ನ್ಯಾಯಾಲಯಕ್ಕೆ ಹೋಗುವಾಗ ಮಂಜು ಇನ್ನೂ ಇತ್ತು. ಜೀಪು ಓಡುತ್ತಿದೆಯೋ ಊರೇ ತೇಲುತ್ತ ಹಿಂದೆ ಹೋಗುತ್ತಿದೆಯೋ ತಿಳಿಯುತ್ತಿರಲಿಲ್ಲ. ದಫೇದಾರ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ.

"ಒಬ್ಬರು ಮಾತ್ರ ಸುಳ್ಳು ಕನಸು ಹೇಳ್ತಿದ್ರು," ಎಂದಳು ಬೀಗದಕ್ಕ, ಕಿಟಕಿಯ ಕಡೆ ನೋಡುತ್ತ. "ನಿಜವಾದ ಕನಸು ಎಲ್ಲೆಲ್ಲೋ ಹೋಗತ್ತೆ. ಅವರದ್ದು ಪ್ರತಿ ಸಲ ಬಂಧನದಲ್ಲೇ ಮುಗೀತಿತ್ತು. ಚಂದ್ರನನ್ನೂ ಬಿಟ್ಟಿರಲಿಲ್ಲ. ಅವರನ್ನ ಹುಡುಕಲಿಲ್ಲ. ಆದ್ರೆ ದಿನಾ ಬೆಳಿಗ್ಗೆ ಮೊದಲು ಅವರದ್ದನ್ನೇ ಕೇಳ್ತಿದ್ದೆ."

ಇನ್‌ಸ್ಪೆಕ್ಟರ ಮೀಸೆಯ ಎರಡೂ ತುದಿ ಇಳಿದವು. ದಫೇದಾರನ ಗೊರಕೆ ಮುಂದುವರಿದೇ ಇತ್ತು, ಪುಣ್ಯಕ್ಕೆ.

ಆ ಶುಕ್ರವಾರ ರಾತ್ರಿ ಅವರಿಗೆ ನಿದ್ದೆ ಬಂತೆಂದು ಅವರ ಹೆಂಡತಿ ಹೇಳುತ್ತಾರೆ. ಗೊರಕೆಗೆ ಹಂಚು ಹಾರಿಹೋಯಿತೆಂದೂ ಹೇಳುತ್ತಾರೆ. ಶನಿವಾರ, ಬೀಗದಕ್ಕನನ್ನು ಇರಿಸಿದ್ದ ಜೈಲಿನ ಭೇಟಿಯ ಕೋಣೆಗೆ ಇನ್‌ಸ್ಪೆಕ್ಟರು ಒಬ್ಬರೇ ಹೋದರು. ಹೇಳಿಕೆಯಲ್ಲಿ ಒಂದು ಸಹಿ ಬಿಟ್ಟುಹೋಗಿದೆ ಎಂದರು. ಬಿಟ್ಟುಹೋಗಿರಲಿಲ್ಲ.

"ಕನಸು ಬಿತ್ತು," ಎಂದರು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು. "ಇಂಥದ್ದೇ ಮಂಜು. ರಸ್ತೆ ಪಕ್ಕ ಒಂದು ಬಸ್ಸು ನಿಂತಿತ್ತು. ದೀಪ ಎಲ್ಲ ಉರೀತಿದ್ವು. ಒಳಗೆ ಜನ ಮಲಗಿದ್ರು. ಡ್ರೈವರು ಕೆಳಗಿಳಿದು, ಬಾಟಲಿ ನೀರಲ್ಲಿ ಮುಖ ತೊಳೀತಿದ್ದ. ನನ್ನ ನೋಡಿ, 'ಸ್ವಲ್ಪ ತೂಕಡಿಕೆ ಬಂತು ಸಾರ್, ಅದಕ್ಕೆ ನಿಲ್ಲಿಸ್ದೆ' ಅಂದ."

ಬೀಗದಕ್ಕ ಆಚೆಯಿಂದ ಸರಳಿನ ಹತ್ತಿರಕ್ಕೆ ಸರಿದಳು.

"ಬಂಧಿಸಿದ್ರಾ ಅವನನ್ನ?"

"ಇಲ್ಲ. ಹೋಗಪ್ಪ ಅಂದೆ."

ಬಂಧನದಲ್ಲಿ ಮುಗಿಯದ ಕನಸು ಅದೊಂದೇ. ಆಕೆ ತಲೆ ಸರಳಿಗೆ ಒರಗಿಸಿ ಕಣ್ಣು ಮುಚ್ಚಿದಳು. ಅದು ನಿಜವಾಗಿ ಬಿದ್ದದ್ದೋ ಕಟ್ಟಿದ್ದೋ ಎಂದು ಕೇಳಲಿಲ್ಲ.